ಮೂವತ್ತು ಪೌಂಡಿನ ವಾದ್ಯ

ಪಿಟೀಲು ನುಡಿಸುವವರು ಇಬ್ಬರು ಕೂಡಿದಲ್ಲಿ ಯಾರ ವಾದ್ಯ ಎಷ್ಟು ಹಳೆಯದು, ಎಷ್ಟು ಬೆಲೆಬಾಳುವುದು ಎಂಬ ಮಾತು ಬರುವುದುಂಟು. ಬೇಸ್ ಗಿಟಾರು ನುಡಿಸುವವರು ಕೂಡಿದಲ್ಲಿ ನಡೆಯುವ ಮಾತು ಇದಕ್ಕೆ ವಿಪರೀತವಾದುದು. ಎಷ್ಟು ಕಡಮೆ ಹಣಕ್ಕೆ ಎಂಥ ವಾದ್ಯವನ್ನು ಸಂಪಾದಿಸಿದೆನೆಂದು ಹೇಳಿಕೊಳ್ಳುವುದರಲ್ಲಿಯೇ ಅವರಿಗೆ ಹೆಮ್ಮೆ. ಒಬ್ಬನು ಹಳೆಯ ಸಾಮಾನಿನ ಅಂಗಡಿಯ ಮೂಲೆಯಲ್ಲಿ ಧೂಳು ಹಿಡಿದಿದ್ದುದನ್ನು ತಂದೆನೆನ್ನುತ್ತಾನೆ; ಇನ್ನೊಬ್ಬನು ಸ್ನೇಹಿತನು ಬೇಸತ್ತು ಮಾರಿದುದನ್ನು ಅರ್ಧ ಬೆಲೆಗೆ ಕೊಂಡೆನೆನ್ನುತ್ತಾನೆ; ಮೂರನೆಯವನು ಇಬ್ಬರ ಮಾತನ್ನೂ ಕೇಳಿ ನಕ್ಕು, ತನ್ನದು ಅವೆರಡಕ್ಕಿಂತಲೂ ಅಗ್ಗವೆಂದೂ, ಆದರೂ ಹತ್ತು ವರುಷಗಳಿಂದ ಯಾವ ಮೇಳದಲ್ಲಿಯೂ ಅದು ತನ್ನ ಮಾನ ಕಳೆದಿಲ್ಲವೆಂದೂ ಹೇಳುತ್ತಾನೆ. ಬೆಂಗಳೂರಿನಲ್ಲಿ ವಾದ್ಯಗಳನ್ನು ರಿಪೇರಿ ಮಾಡುವವರೊಬ್ಬರ ಪಡಸಾಲೆಯಲ್ಲಿ ಕುಳಿತು ಈ ಸಂಭಾಷಣೆಯನ್ನು ಕೇಳುವ ಸಂದರ್ಭ ನಮಗೆ ಈಚೆಗೆ ಒದಗಿತು.

ನಾವು ಅಲ್ಲಿಗೆ ಹೋಗಬೇಕಾಗಿ ಬಂದುದು ನಮ್ಮ ಸೋದರಳಿಯನ ದೆಸೆಯಿಂದ. ಹುಡುಗನಿಗೆ ಹದಿನೇಳು ವರುಷ. ಕಾಲೇಜಿನ ಗೆಳೆಯರು ಒಂದು ಮೇಳವನ್ನು ಕಟ್ಟಿಕೊಂಡರು. ಗಿಟಾರು ನುಡಿಸುವವರು ಮೂವರು, ಹಾಡುವವರು ಇಬ್ಬರು, ಡ್ರಮ್ಸಿಗೆ ಒಬ್ಬನು. ಬೇಸಿಗೆ ಮಾತ್ರ ಯಾರೂ ಇಲ್ಲ. ಮೂವರು ಗಿಟಾರಿನವರಲ್ಲಿ ಒಬ್ಬನಾದ ಇವನು, ತಾನೇ ಬೇಸಿಗೆ ಬರುತ್ತೇನೆಂದು ಒಪ್ಪಿಕೊಂಡು ಮನೆಗೆ ಬಂದು ವಾದ್ಯ ಬೇಕೆಂದು ಕೇಳಿದನು. ನಮ್ಮ ಭಾವನವರು ಲೆಕ್ಕಾಚಾರದ ಮನುಷ್ಯರು. ಈಗ ಅಗ್ಗದ್ದೊಂದು ಸಾಕು, ಕೈ ಕುದುರಿದ ಮೇಲೆ ಒಳ್ಳೆಯದನ್ನು ನೋಡೋಣ ಎಂದು, ಇದ್ದವುಗಳಲ್ಲಿ ಕಡಮೆ ಬೆಲೆಯದೊಂದನ್ನು ತರಿಸಿಕೊಟ್ಟರು. ಮೂರು ವಾರ ಹುಡುಗನು ಬಾಗಿಲು ಹಾಕಿಕೊಂಡು ಸಾಧನೆ ಮಾಡಿದನು. ನಾಲ್ಕನೆಯ ವಾರ ನಾವು ಅವರ ಮನೆಗೆ ಹೋದಾಗ ವಾದ್ಯವು ಚೀಲದೊಳಗೆ ಬೀರುವಿನ ಹಿಂದೆ ನಿಂತಿದ್ದಿತು. ಹುಡುಗನು ಬೊಕ್ಕೆಯೆದ್ದ ಬೆರಳುಗಳನ್ನು ತೋರಿಸಿ, “ಮಾವ, ನನ್ನ ಕೈಗೆ ಇದು ಬರುವಂತೆ ಕಾಣುವುದಿಲ್ಲ” ಎಂದನು. ಹಣ ನೀರಿಗೆ ಬಿದ್ದಿತೆಂದು ಭಾವನವರು ಬಾಯಿಬಿಟ್ಟು ಹೇಳಲಿಲ್ಲ. ಅವರ ಮುಖವೇ ಅದನ್ನು ಹೇಳುತ್ತಿದ್ದಿತು.

ಮುಂದಿನ ಕಥೆಗೆ ಮೊದಲು, ಈ ವಾದ್ಯವನ್ನು ಕಂಡರಿಯದ ವಾಚಕರಿಗಾಗಿ ಎರಡು ಮಾತು. ಬೇಸ್ ಗಿಟಾರಿಗೆ ಸಾಮಾನ್ಯವಾಗಿ ನಾಲ್ಕು ತಂತಿಗಳು. ಸಾಧಾರಣ ಗಿಟಾರಿನ ದಪ್ಪನೆಯ ನಾಲ್ಕು ತಂತಿಗಳ ಸ್ವರಗಳೇ ಇದರವೂ; ಆದರೆ ಒಂದು ಸ್ಥಾಯಿ ಕೆಳಗೆ. ಅತ್ಯಂತ ದಪ್ಪನೆಯ ತಂತಿ ಸೆಕೆಂಡಿಗೆ ಸುಮಾರು ೪೧ ಸಲ ಮಾತ್ರ ಕಂಪಿಸುತ್ತದೆ. ನಮ್ಮ ಕಚೇರಿಗಳಲ್ಲಿ ಶ್ರುತಿಯನ್ನು ತಂಬೂರಿಯೂ ಲಯವನ್ನು ಮೃದಂಗವೂ ಹೊರುವುವಷ್ಟೆ. ಪಾಶ್ಚಾತ್ಯ ಮೇಳದಲ್ಲಿ ಈ ಒಂದು ವಾದ್ಯವು ಎರಡು ಭಾರಗಳಿಗೂ ಹೆಗಲು ಕೊಡುತ್ತದೆ. ಹಾಡು ಈಗ ಯಾವ ಸ್ವರದ ಮೇಲೆ ನಿಂತಿದೆ ಎಂದು ತೋರಿಸುವುದೂ ಇದೇ, ಹೆಜ್ಜೆ ಎಲ್ಲಿ ಬೀಳಬೇಕೆಂದು ಡ್ರಮ್ಸಿನೊಡನೆ ಕೂಡಿ ತೋರಿಸುವುದೂ ಇದೇ. ಕೇಳುವವರು ಇದನ್ನು ಪ್ರತ್ಯೇಕವಾಗಿ ಗಮನಿಸುವುದು ಅಪರೂಪ. ನಡುವೆ ನಿಂತುಹೋದರೆ ಮಾತ್ರ ಏನೋ ಕುಸಿದಂತಾಯಿತೆಂದು ತಲೆಯೆತ್ತಿ ನೋಡುತ್ತಾರೆ. ರಘು ದೀಕ್ಷಿತರ ಮೇಳದವರು ಶಿಶುನಾಳ ಶರೀಫರ ಪದಗಳನ್ನು ಹಾಡುವುದನ್ನು ಕೇಳಿದ ವಾಚಕರು, ಮುಂದಿನ ಸಲ ಹಾಡುಗಾರರನ್ನೂ ಪಿಟೀಲನ್ನೂ ಸ್ವಲ್ಪ ಮರೆತು ಅಡಿಯಲ್ಲಿ ನಡೆಯುವ ಆ ಒಂದು ದನಿಯನ್ನು ಹಿಂಬಾಲಿಸಿ ನೋಡಬೇಕೆಂದು ನಮ್ಮ ಕೋರಿಕೆ.

ಈ ವಾದ್ಯದ ಹುಟ್ಟಿನಲ್ಲಿಯೇ ಅಗ್ಗದ ಗುಣ ಸೇರಿಕೊಂಡಿದೆ. ಇದಕ್ಕೆ ಮೊದಲು ಮೇಳಗಳಲ್ಲಿ ಇದೇ ಕೆಲಸವನ್ನು ಮಾಡುತ್ತಿದ್ದುದು ಡಬಲ್ ಬೇಸ್ ಎಂಬ, ಆಳೆತ್ತರದ, ಪಿಟೀಲಿನ ಜಾತಿಯ ವಾದ್ಯ. ಅದನ್ನು ಊರಿಂದೂರಿಗೆ ಸಾಗಿಸುವುದು ಒಂದು ಸಂಕಟ. ಅದಕ್ಕೆ ಮೆಟ್ಟಿಲುಗಳಿಲ್ಲದುದರಿಂದ ಸ್ವರಸ್ಥಾನ ತಪ್ಪದಂತೆ ನುಡಿಸುವುದು ಇನ್ನೊಂದು ಸಂಕಟ. ಡ್ರಮ್ಸು, ತುತ್ತೂರಿ, ವಿದ್ಯುತ್ ಗಿಟಾರುಗಳ ಗದ್ದಲದಲ್ಲಿ ಅದರ ದನಿ ಕೇಳಿಸದಿರುವುದು ಎಲ್ಲಕ್ಕಿಂತ ದೊಡ್ಡದು. ೧೯೩೦ರ ದಶಕದಲ್ಲಿ ಅಮೆರಿಕದ ಸಿಯಾಟಲ್ ನಗರದ ಪಾಲ್ ಟಟ್‌ಮಾರ್ಕ್ ಎಂಬವರು ಮೆಟ್ಟಿಲುಗಳುಳ್ಳ ವಿದ್ಯುತ್ ಬೇಸೊಂದನ್ನು ಮಾಡಿದ್ದರು. ಅದು ಪ್ರಚಾರಕ್ಕೆ ಬರಲಿಲ್ಲ. ೧೯೫೧ರಲ್ಲಿ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಊರಿನ ಲಿಯೊ ಫೆಂಡರ್ ಮಾಡಿದುದು ಪ್ರಚಾರಕ್ಕೆ ಬಂದಿತು. ಫೆಂಡರ್ ರೇಡಿಯೊ ರಿಪೇರಿ ಅಂಗಡಿಯಿಂದ ಮೇಲೆ ಬಂದ ಮನುಷ್ಯ. ಸ್ವತಃ ಗಿಟಾರು ನುಡಿಸಲು ಬಾರದವನು. ಆದುದರಿಂದಲೇ ಏನೋ, ವಾದ್ಯವೆಂದರೆ ಹೀಗಿರಬೇಕೆಂಬ ಸಂಪ್ರದಾಯ ಅವನನ್ನು ಕಟ್ಟಿಹಾಕಲಿಲ್ಲ. ಮರದ ಹಲಗೆಯನ್ನು ಯಂತ್ರದಿಂದ ಕೊರೆದು, ದಂಡಿಯನ್ನು ಬೇರೆಯಾಗಿ ಮಾಡಿ, ನಾಲ್ಕು ಸ್ಕ್ರೂಗಳಿಂದ ಹಲಗೆಗೆ ಬಿಗಿದುಬಿಟ್ಟನು. ಮೆಟ್ಟಿಲುಗಳಿರುವುದರಿಂದ ಸ್ವರ ಕರಾರುವಾಕ್ಕಾಗಿ ಬರುತ್ತದೆಂಬ ಅರ್ಥದಲ್ಲಿ ‘ಪ್ರಿಸಿಷನ್’ ಎಂದು ಹೆಸರಿಟ್ಟನು.

ನಮ್ಮ ವೀಣೆಯೊಡನೆ ಇದನ್ನು ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಹಲಸಿನ ಮರವನ್ನು ಕೈಯಿಂದ ತೋಡಿ, ಮೇಣದಲ್ಲಿ ಮೆಟ್ಟಿಲುಗಳನ್ನು ಒಂದೊಂದಾಗಿ ಕೂರಿಸಿ ಮಾಡುವ ವೀಣೆಯಲ್ಲಿ ಮಾಡಿದವನ ಕೈಯೇ ಸರ್ವಸ್ವ. ಅಗ್ಗದ ವೀಣೆಯೆಂದರೆ ಅವಸರದ ಕೈಯೆಂದು ಅರ್ಥ. ಬೇಸ್ ಗಿಟಾರು ಮೊದಲಿನಿಂದಲೂ ಕಾರ್ಖಾನೆಯ ಕೂಸು. ಆದುದರಿಂದ ಬೇರೆ ದೇಶದ ಕಾರ್ಖಾನೆಯೂ ಅದನ್ನು ಮಾಡಬಲ್ಲುದು. ೧೯೭೦ರ ದಶಕದಲ್ಲಿ ಜಪಾನಿನವರು ಇಂಥ ವಾದ್ಯಗಳನ್ನು ಎಷ್ಟು ಚೆನ್ನಾಗಿ ನಕಲು ಮಾಡತೊಡಗಿದರೆಂದರೆ, ೧೯೮೨ರಲ್ಲಿ ಫೆಂಡರ್ ಕಂಪೆನಿಯವರೇ ಜಪಾನಿನಲ್ಲಿ ವಾದ್ಯಗಳನ್ನು ಮಾಡಿಸಿ, ‘ಸ್ಕ್ವಯರ್’ ಎಂಬ ಹೆಸರಿನಲ್ಲಿ ಕಡಮೆ ಬೆಲೆಗೆ ಮಾರಬೇಕಾಯಿತು. ಆಮೇಲೆ ಈ ಕೆಲಸ ಕೊರಿಯಾ, ಚೀನಾ, ಇಂಡೊನೇಷ್ಯಾಗಳಿಗೂ ಹರಡಿತು. ಗಣಕಯಂತ್ರದ ಆಜ್ಞೆಯಂತೆ ಮರ ಕೊರೆಯುವ ಯಂತ್ರಗಳು ಬಂದ ಮೇಲಂತೂ, ಅಗ್ಗದ ಬೇಸಿನ ಮರಗೆಲಸವು ದುಬಾರಿ ಬೇಸಿನ ಮರಗೆಲಸಕ್ಕೆ ಬಹಳ ಹತ್ತಿರ ಬಂದಿದೆ. ಬೆಲೆ ಇಳಿಸುವವರು ಈಗ ಕತ್ತರಿ ಹಾಕುವುದು ಬೇರೆ ಕಡೆ: ಬಿರಡೆಗಳಲ್ಲಿ, ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ಪಿನಲ್ಲಿ, ಒಳಗಿನ ವೈರುಗಳಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಕೊನೆಯ ಒಂದು ಗಂಟೆಯ ಕೈಗೆಲಸದಲ್ಲಿ. ನಮ್ಮ ಸೋದರಳಿಯನ ಬೊಕ್ಕೆಗಳಿಗೆ ಕಾರಣ ಈ ಕೊನೆಯ ಗಂಟೆಯೇ.

ಪಡಸಾಲೆಯಲ್ಲಿದ್ದವರಲ್ಲಿ ನಡುವಯಸ್ಸಿನವರೊಬ್ಬರು ಹುಡುಗನ ಬಾಡಿದ ಮೋರೆಯನ್ನು ಕಂಡು ಹ್ಯಾಂಬರ್ಗಿನ ಕಥೆಯನ್ನು ಎತ್ತಿದರು. ಬೇಸ್ ನುಡಿಸುವವರೆಲ್ಲ ಬಲ್ಲ ಕಥೆಯಂತೆ ಅದು, ನಮಗೆ ಹೊಸದು.

೧೯೬೦ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನಿಂದ ಐವರು ಹುಡುಗರು ಜರ್ಮನಿಯ ಹ್ಯಾಂಬರ್ಗಿಗೆ ಹೋಗಿ, ಅಲ್ಲಿಯ ಕ್ಲಬ್ಬುಗಳಲ್ಲಿ ರಾತ್ರಿಯೆಲ್ಲ ನುಡಿಸಿ ಹೊಟ್ಟೆ ಹೊರೆಯುತ್ತಿದ್ದರು. ಮುಂದೆ ಲೋಕವೆಲ್ಲ ಬೀಟಲ್ಸ್ ಎಂದು ಬಲ್ಲ ಮೇಳ ಅದು. ಅವರಲ್ಲಿ ಬೇಸ್ ಹಿಡಿದಿದ್ದವನು ಸ್ಟುವರ್ಟ್ ಸಟ್‌ಕ್ಲಿಫ್ ಎಂಬ ಚಿತ್ರಕಲಾ ವಿದ್ಯಾರ್ಥಿ. ಅವನ ಚಿತ್ರವೊಂದು ೬೫ ಪೌಂಡಿಗೆ ಮಾರಾಟವಾಗಿದ್ದ ಸಮಯದಲ್ಲಿ, ಗೆಳೆಯರು ಬೆನ್ನುಹತ್ತಿ ಅವನಿಂದ ಬೇಸೊಂದನ್ನು ಕೊಳ್ಳಿಸಿ ಮೇಳಕ್ಕೆ ಎಳೆದುಕೊಂಡಿದ್ದರು. ೧೯೬೧ರಲ್ಲಿ ಅವನು ಚಿತ್ರಕಲೆಯೇ ತನ್ನ ದಾರಿಯೆಂದು ಮೇಳವನ್ನು ಬಿಟ್ಟನು. ಪಾಪ, ಮರುವರುಷವೇ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡನು. ಈಗ ಬೇಸಿಗೆ ಯಾರು? ಗಿಟಾರು ಬಿಟ್ಟು ಹಿಂದಿನ ಸಾಲಿಗೆ ಹೋಗಲು ಯಾರಿಗೂ ಮನಸ್ಸಿಲ್ಲ. ಕಡೆಗೆ ಆ ಹೊರೆ ಪಾಲ್ ಮೆಕಾರ್ಟ್ನಿಯ ತಲೆಗೆ ಬಂದಿತು. ಆಗ ಅವನಿಗೆ ಹತ್ತೊಂಬತ್ತರ ಆಸುಪಾಸು.

ಫೆಂಡರ್ ಬೇಸಿಗೆ ಆಗ ಸುಮಾರು ೧೦೦ ಪೌಂಡು. ಅವನ ಕೈಯಿಂದ ಆಗುವುದು ೩೦ ಪೌಂಡು. ಕಂತಿನ ಮೇಲೆ ಕೊಳ್ಳುವ ದಾರಿ ಇಲ್ಲದಿರಲಿಲ್ಲ, ಮೇಳದ ಇತರರು ಹಾಗೆ ಒಳ್ಳೆಯ ಗಿಟಾರುಗಳನ್ನು ಕೊಂಡಿದ್ದರು ಸಹ. ಆದರೆ ಸಾಲ ಮಾಡಬಾರದೆಂದು ತಂದೆ ಮನೆಯಲ್ಲಿ ಹೇಳಿ ಹೇಳಿ ಮನಸ್ಸಿನಲ್ಲಿ ನಾಟಿಸಿದ್ದುದನ್ನು ಮೆಕಾರ್ಟ್ನಿ ಮುಂದೆ ಎಷ್ಟೋ ವರುಷಗಳ ಮೇಲೆ ಸ್ಮರಿಸಿಕೊಂಡಿದ್ದಾನೆ. ಆ ತಂದೆ ಹತ್ತಿ ವ್ಯಾಪಾರದ ಮನೆಯಲ್ಲಿ ಮಾರಾಟದ ಕೆಲಸದಲ್ಲಿದ್ದವರು. ಯೌವನದಲ್ಲಿ ತಾವೂ ಒಂದು ಮೇಳ ನಡೆಸಿದ್ದವರು. ಹುಡುಗನು ಹ್ಯಾಂಬರ್ಗಿನ ಅಂಗಡಿಯೊಂದಕ್ಕೆ ಹೋಗಿ, ಜರ್ಮನಿಯ ಹೋಫ್ನರ್ ಕಂಪೆನಿಯ ಪಿಟೀಲಿನಾಕಾರದ ಪುಟ್ಟ ಬೇಸನ್ನು ಆ ಮೂವತ್ತು ಪೌಂಡಿನ ಸುಮಾರಿಗೆ ಕೊಂಡನು. ಅವನು ಎಡಗೈಯವನು, ಎರಡು ಕಡೆಯೂ ಸಮನಾದ ಆಕಾರವಾದುದರಿಂದ ತಿರುಗಿಸಿ ಹಿಡಿದರೂ ವಿಕಾರವಾಗಿ ಕಾಣದೆಂಬುದು ಅವನ ಇನ್ನೊಂದು ಲೆಕ್ಕ. ಒಳಗೆ ಟೊಳ್ಳಾಗಿದ್ದುದರಿಂದ ಹಗುರ, ದಂಡಿ ಗಿಡ್ಡವಾಗಿದ್ದುದರಿಂದ ಬೆರಳಿಗೆ ಸುಲಭ. ೧೯೬೩ರ ಫೆಬ್ರವರಿ ೧೧ರಂದು ಒಂದೇ ದಿನದಲ್ಲಿ ಹತ್ತು ಹಾಡುಗಳನ್ನು ಮುದ್ರಿಸಿ ತಮ್ಮ ಮೊದಲ ಆಲ್ಬಮ್ಮನ್ನು ಮುಗಿಸಿದಾಗ ಅವನ ಕೈಯಲ್ಲಿದ್ದುದು ಇದೇ ವಾದ್ಯ. ಹಣ ಬಂದ ಮೇಲೆ ಬೇರೆ ವಾದ್ಯಗಳೂ ಬಂದುವು. ಆದರೆ ಆ ಜಾತಿಯ ಹೋಫ್ನರನ್ನು ಅವನು ಬಿಡಲಿಲ್ಲ. ೧೯೬೩ರಲ್ಲಿಯೇ ಕೊಂಡ ಎರಡನೆಯದನ್ನು ಮುದುಕನಾದ ಮೇಲೂ ವೇದಿಕೆಯ ಮೇಲೆ ನುಡಿಸಿದ್ದಾನೆ.

“ಅದರ ಸೌಖ್ಯವೇನೆಂದರೆ, ಆಗ ಆ ಹುಡುಗನಿಗೆ ಸಾಲವಿರಲಿಲ್ಲ” ಎಂದು ಆ ಮಹನೀಯರು ಕಥೆಯನ್ನು ನಿಲ್ಲಿಸಿದರು. ಭಾವನವರು ಜೊತೆಯಲ್ಲಿ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತೆಂದು ನಾವು ಅಂದುಕೊಂಡೆವು.

ಅಷ್ಟರಲ್ಲಿ ರಿಪೇರಿಯವರು ನಮ್ಮ ವಾದ್ಯವನ್ನು ಕೈಗೆತ್ತಿಕೊಂಡರು. ಕಣ್ಣಿನ ಮಟ್ಟಕ್ಕೆ ಹಿಡಿದು, ಬಂದೂಕಿನ ಗುರಿ ನೋಡುವವರಂತೆ ದಂಡಿಯ ಉದ್ದಕ್ಕೂ ನೋಡಿದರು. ನಾಲ್ಕು ತಂತಿಗಳು ಕೂಡಿ ದಂಡಿಯನ್ನು ಎಳೆಯುವ ಬಲ ಸುಮಾರು ೧೫೦ ಪೌಂಡಿನಷ್ಟಿರುತ್ತದೆಂದೂ, ಆ ಎಳೆತಕ್ಕೆ ಮರ ಬಿಲ್ಲಿನಂತೆ ಬಾಗುವುದು ಸಹಜವೆಂದೂ, ಅದನ್ನು ತಡೆಯಲು ದಂಡಿಯ ಒಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸಲಾಕೆ ಇರುತ್ತದೆಂದೂ ವಿವರಿಸಿದರು. ನಮ್ಮದರಲ್ಲಿ ಆ ಸಲಾಕೆಯನ್ನು ಯಾರೂ ಮುಟ್ಟಿಯೇ ಇರಲಿಲ್ಲ. ಕೀಲಿಯಿಂದ ಅದನ್ನು ಕಾಲು ಸುತ್ತು ಬಿಗಿದರು. ತಂತಿಗಳು ಕೂರುವ ಕುದುರೆಯನ್ನು ತಗ್ಗಿಸಿದರು. ದಂಡಿಯ ತಲೆಯ ಬಳಿ ತಂತಿ ಹಾಯುವ ಸಣ್ಣ ಪಟ್ಟಿಯ ಕಚ್ಚುಗಳನ್ನು ಅರದಿಂದ ಉಜ್ಜಿದರು. ಹನ್ನೆರಡನೆಯ ಮೆಟ್ಟಿಲಿನ ಮೇಲೆ ತಂತಿಯ ಎತ್ತರ ಮೊದಲು ನಾಲ್ಕು ಮಿಲಿಮೀಟರಿಗೂ ಹೆಚ್ಚಾಗಿದ್ದುದು ಎರಡೂವರೆಗೆ ಇಳಿಯಿತು. ಮೆಟ್ಟಿಲುಗಳ ತುದಿ ಅಂಗೈಗೆ ಗೀರುತ್ತಿದ್ದುದನ್ನು ನುಣುಪು ಮಾಡಿದರು. ಬಳಿಕ ಹನ್ನೆರಡನೆಯ ಮೆಟ್ಟಿಲಿನಲ್ಲಿ ತಂತಿಯನ್ನು ಬೆರಳ ತುದಿಯಿಂದ ಸುಮ್ಮನೆ ಸೋಕಿ ಮೀಟಿದಾಗ ಬರುವ ಸ್ವರವನ್ನೂ, ಅಲ್ಲಿಯೇ ಒತ್ತಿ ಮೀಟಿದಾಗ ಬರುವ ಸ್ವರವನ್ನೂ ಹೋಲಿಸಿ, ಎರಡೂ ಒಂದಾಗುವವರೆಗೆ ಕುದುರೆಯ ತುಂಡುಗಳನ್ನು ಹಿಂದೆ ಮುಂದೆ ಸರಿಸಿದರು. ಒಂದು ಗಂಟೆಯ ಕೆಲಸ. ಅವರು ಕೇಳಿದ ಹಣ ವಾದ್ಯದ ಬೆಲೆಯ ಹತ್ತರಲ್ಲೊಂದು ಪಾಲೂ ಆಗಲಿಲ್ಲ.

ಹುಡುಗನು ತೆಗೆದುಕೊಂಡು ನಾಲ್ಕು ಸ್ವರ ನುಡಿಸಿದನು. “ಮಾವ, ಇದು ನನ್ನದೇನಾ?” ಎಂದನು.

ನಮ್ಮ ಮನಸ್ಸಿಗೆ ತಟ್ಟಿದುದು ಇಲ್ಲಿಯೇ. ಹಣದ ಚಿಂತೆ ಭಾವನವರದು. ಅದು ಹೋದರೂ ಬರುವಂಥದು. ಆದರೆ ಮೂರು ವಾರಗಳ ಕಾಲ ಆ ಹುಡುಗನು ತಪ್ಪು ತನ್ನ ಕೈಯದೆಂದೇ ನಂಬಿದ್ದನು. ಇನ್ನೊಂದು ತಿಂಗಳು ಹೀಗೆಯೇ ಕಳೆದಿದ್ದರೆ, ಸಂಗೀತ ತನಗೆ ಬಾರದೆಂಬ ನಂಬಿಕೆ ಜನ್ಮವೆಲ್ಲ ಉಳಿಯುತ್ತಿದ್ದಿತು. ವಾದ್ಯವನ್ನು ಕಳುಹಿಸಿದ ಅಂಗಡಿಯವರು ‘ಇದನ್ನೊಮ್ಮೆ ಸರಿಮಾಡಿಸಿಕೊಳ್ಳಿ’ ಎಂಬ ಒಂದು ಚೀಟಿಯನ್ನಾದರೂ ಒಳಗೆ ಇಡಬಹುದಾಗಿತ್ತು. ಅಗ್ಗದ ವಾದ್ಯವನ್ನು ಕೊಂಡುದರಲ್ಲಿ ಭಾವನವರ ತಪ್ಪಿಲ್ಲ. ಕೊಂಡಲ್ಲಿಗೆ ಖರ್ಚು ಮುಗಿಯಿತೆಂದು ತಿಳಿದುದಷ್ಟೇ ತಪ್ಪು. ಕೈಯಲ್ಲಿರುವ ಹಣವನ್ನೆಲ್ಲ ವಾದ್ಯಕ್ಕೇ ಸುರಿಯದೆ, ಈ ಕೆಲಸಕ್ಕೂ ಮುಂದೆ ಹೇಳುವ ಆಂಪ್ಲಿಫೈಯರಿಗೂ ಸ್ವಲ್ಪ ಎತ್ತಿಟ್ಟುಕೊಂಡು ಹೊರಡುವುದೇ ಮೇಲು.

ಪಡಸಾಲೆಯಲ್ಲಿ ಭಿನ್ನಾಭಿಪ್ರಾಯಗಳೂ ಇದ್ದುವು. ಮರವೇ ದನಿಗೆ ಮೂಲವೆಂದು ಒಬ್ಬನು. ಮರವಲ್ಲ, ಪಿಕಪ್ಪೆಂದು ಇನ್ನೊಬ್ಬನು. ಅಗ್ಗದ ಬೇಸಿಗೆ ದುಬಾರಿ ಪಿಕಪ್ಪು, ಹೊಸ ಬಿರಡೆಗಳನ್ನು ಹಾಕಿ ತಾನು ಅರಮನೆಯ ಆನೆ ಮಾಡಿದ್ದೇನೆಂದು ಮತ್ತೊಬ್ಬನು. ಲೆಕ್ಕ ಹಾಕಿ ನೋಡಿದರೆ ಆ ಹಣದಲ್ಲಿ ಇನ್ನೊಂದು ಬೇಸು ಬರುತ್ತಿದ್ದಿತು. ಹೊಸ ಕೈಗೆ ಇವೆಲ್ಲ ಆಮೇಲಿನ ಮಾತೆಂದು ನಮಗೆ ತೋರುತ್ತದೆ. ಹಳೆಯದನ್ನು ಕೊಳ್ಳುವವರಿಗೆ ಅವರೆಲ್ಲರೂ ಒಮ್ಮತದಿಂದ ಹೇಳಿದ ಮಾತುಗಳು ಮಾತ್ರ ಬೆಲೆಯುಳ್ಳವು. ದಂಡಿ ಬಾಗಿದ್ದರೆ ಸರಿಪಡಿಸಬಹುದು, ತಿರುಚಿಕೊಂಡಿದ್ದರೆ ಕೊಳ್ಳಬಾರದು. ಟ್ರಸ್ ರಾಡ್ ತಿರುಗುತ್ತದೆಯೇ ಎಂದು ಕಣ್ಣೆದುರಿಗೆ ತಿರುಗಿಸಿ ನೋಡಬೇಕು. ಪ್ರತಿಯೊಂದು ತಂತಿಯನ್ನೂ ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ಒತ್ತಿ ನುಡಿಸಿ, ಎಲ್ಲಿ ದನಿ ಸಾಯುತ್ತದೆಂದು ಕೇಳಬೇಕು. ವೈರನ್ನು ಸಿಕ್ಕಿಸಿ ಅಲುಗಿಸಿದಾಗ ಕರಕರವೆಂದರೆ ಹೆದರಬೇಕಾಗಿಲ್ಲ, ಅದು ಬೆಸುಗೆಯ ಸಣ್ಣ ಕೆಲಸ. ಆದರೆ ಬೆಲೆ ಇಳಿಸಲು ಒಳ್ಳೆಯ ಕಾರಣ.

ತಂತಿಗಳ ವಿಚಾರದಲ್ಲಿ ಜೇಮ್ಸ್ ಜೇಮರ್‌ಸನ್ನನ ಹೆಸರು ಬಂದಿತು. ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಮೋಟೌನ್ ಕಂಪೆನಿಯ ಹಾಡುಗಳಿಗೆ ೧೯೬೦ರ ದಶಕವೆಲ್ಲ ಬೇಸ್ ನುಡಿಸಿದವನು ಅವನು. ಬಲಗೈಯ ಒಂದೇ ಬೆರಳಿನಿಂದ ಮೀಟುತ್ತಿದ್ದನು. ತಂತಿ ಕಡಿದರೆ ಹೊರತು ಬದಲಾಯಿಸುತ್ತಿರಲಿಲ್ಲವೆಂದು ಪ್ರತೀತಿ. ಲಕ್ಷಗಟ್ಟಲೆ ಮಾರಾಟವಾದ ಆ ತಟ್ಟೆಗಳ ಮೇಲೆ ವಾದ್ಯಗಾರರ ಹೆಸರನ್ನು ಹಾಕುವ ಪದ್ಧತಿ ಆಗ ಇರಲಿಲ್ಲ. ೧೯೭೧ರಲ್ಲಿ ಮಾರ್ವಿನ್ ಗೇಯ ‘ವಾಟ್ಸ್ ಗೋಯಿಂಗ್ ಆನ್’ ಬಂದಾಗ ಅವನ ಹೆಸರು ಹೊದಿಕೆಯ ಮೇಲೆ ಕಾಣಿಸಿತು. ೧೯೮೩ರಲ್ಲಿ ಅವನು ತೀರಿಕೊಂಡನು. ಅದಕ್ಕೆ ಸ್ವಲ್ಪ ಮೊದಲು ಅವನ ನೆಚ್ಚಿನ ಬೇಸು ಕಳುವಾಯಿತು, ಮತ್ತೆ ಸಿಕ್ಕಲಿಲ್ಲ. ಮೆಕಾರ್ಟ್ನಿಯ ಮೂವತ್ತು ಪೌಂಡಿನ ಹೋಫ್ನರೂ ೧೯೭೨ರಲ್ಲಿ ಲಂಡನ್ನಿನಲ್ಲಿ ವ್ಯಾನಿನಿಂದ ಕಳುವಾಗಿದ್ದಿತು. ಅದರ ಅದೃಷ್ಟ ಬೇರೆ. ೨೦೧೮ರಲ್ಲಿ ಅದನ್ನು ಹುಡುಕುವ ಪ್ರಯತ್ನ ಆರಂಭವಾಗಿ, ದಕ್ಷಿಣ ಇಂಗ್ಲೆಂಡಿನ ಮನೆಯೊಂದರ ಅಟ್ಟದಲ್ಲಿ ಬಿದ್ದಿದ್ದುದು ಪತ್ತೆಯಾಯಿತು. ಮರಳಿ ದೊರೆತ ವಾರ್ತೆ ೨೦೨೪ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ಅದೇ ವರುಷದ ಡಿಸೆಂಬರಿನಲ್ಲಿ ಲಂಡನ್ನಿನ ಸಭೆಯಲ್ಲಿ ಎಂಬತ್ತೆರಡು ವರುಷದ ಮೆಕಾರ್ಟ್ನಿ ಅದನ್ನು ಮತ್ತೆ ನುಡಿಸಿದನು.

ಇನ್ನು ಮೇಳದ ಮಾತು. ಗಿಟಾರಿನವರು ಬೇಕಾದಷ್ಟು, ಬೇಸಿನವರು ವಿರಳ; ಆದುದರಿಂದ ಸಾಧಾರಣವಾಗಿ ನುಡಿಸಬಲ್ಲವನಿಗೂ ಬೇಗ ಕರೆ ಬರುತ್ತದೆ. ಕ್ಯಾರಲ್ ಕೇ ಎಂಬ ಮಹಿಳೆಯ ವೃತ್ತಾಂತವನ್ನು ನಮ್ಮ ಸೋದರಿಯರು ಗಮನಿಸಬೇಕು. ಹಾಲಿವುಡ್ಡಿನ ಮುದ್ರಣಾಲಯಗಳಲ್ಲಿ ಗಿಟಾರು ನುಡಿಸಿ ಸಂಸಾರ ನಡೆಸುತ್ತಿದ್ದ ಈಕೆ, ೧೯೬೩ರಲ್ಲಿ ಒಂದು ದಿನ ಬೇಸಿನವನು ಬಾರದೆ ಹೋದಾಗ ಅವನ ಸ್ಥಾನದಲ್ಲಿ ಕುಳಿತರು. ಮುಂದೆ ಅಮೆರಿಕದಲ್ಲಿ ಅತಿ ಹೆಚ್ಚು ಮುದ್ರಣಗಳಿಗೆ ನುಡಿಸಿದ ಬೇಸ್ ವಾದಕರಲ್ಲಿ ಒಬ್ಬರೆನಿಸಿದರು. ಬಾರದೆ ಉಳಿದವನ ಹೆಸರು ಯಾರಿಗೂ ನೆನಪಿಲ್ಲ. ಮೇಳದಲ್ಲಿ ಬೇಸಿನವನಿಂದ ಬಯಸುವುದೇನೆಂದು ನಾವು ಕೇಳಿದುದಕ್ಕೆ, ಅಲ್ಲಿದ್ದ ಡ್ರಮ್ಸಿನವನೊಬ್ಬನು ಬೆರಳು ಮಡಿಸದೆ ಒಂದೇ ಉಸಿರಿನಲ್ಲಿ, ಹೊತ್ತಿಗೆ ಸರಿಯಾಗಿ ಬರಲಿ, ಶ್ರುತಿ ಮಾಡಿಕೊಂಡಿರಲಿ, ನನ್ನ ಕಾಲಿನ ಡ್ರಮ್ಮಿನೊಡನೆ ನುಡಿಸಲಿ, ಉಳಿದ ಹೊತ್ತು ಸುಮ್ಮನಿರಲಿ ಎಂದನು. ವಾದ್ಯದ ಬೆಲೆಯನ್ನು ಅವನು ಎತ್ತಲೇ ಇಲ್ಲ.

ಆದರೆ ಆಂಪ್ಲಿಫೈಯರಿನಲ್ಲಿ ಉಳಿತಾಯ ನಡೆಯುವುದಿಲ್ಲವೆಂದು ಎಲ್ಲರೂ ಎಚ್ಚರಿಸಿದರು. ಮಂದ್ರದ ದನಿಯನ್ನು ದೊಡ್ಡದು ಮಾಡಲು ಹೆಚ್ಚು ಶಕ್ತಿ ಬೇಕು. ಮನೆಯ ಸಾಧನೆಗೆ ಸಾಕಾಗುವ ಹದಿನೈದು ಇಪ್ಪತ್ತು ವಾಟ್ಟಿನ ಪೆಟ್ಟಿಗೆ ಡ್ರಮ್ಸಿನ ಪಕ್ಕದಲ್ಲಿ ಮೂಕವಾಗುತ್ತದೆ. ಇನ್ನೂರು ಮುನ್ನೂರು ವಾಟ್ಟಾದರೂ ಬೇಕೆನ್ನುತ್ತಾರೆ. ಗಿಟಾರಿನ ಆಂಪ್ಲಿಫೈಯರಿಗೆ ಬೇಸನ್ನು ಸಿಕ್ಕಿಸಿ ಜೋರು ಮಾಡಿದರೆ ಸ್ಪೀಕರ್ ಹರಿಯುವ ಭಯ. ಮನೆಯಲ್ಲಿ ಇನ್ನೊಂದು ತೊಡಕು: ಈ ದನಿ ಗೋಡೆಗಳನ್ನು ಲೆಕ್ಕಿಸುವುದಿಲ್ಲ. ಬಾಗಿಲು ಮುಚ್ಚಿದರೆ ಹಾಡು ನಿಲ್ಲುತ್ತದೆ, ಬೇಸು ನಿಲ್ಲುವುದಿಲ್ಲ; ಪಕ್ಕದ ಮನೆಯ ಪಾತ್ರೆಗಳು ಅಲುಗತೊಡಗಿದ ಮೇಲೆ ಕ್ಷಮೆ ಕೇಳುವುದಕ್ಕಿಂತ ರಾತ್ರಿಯ ಹೊತ್ತು ಹೆಡ್‌ಫೋನು ಹಾಕಿಕೊಂಡು ನುಡಿಸುವುದು ಲೇಸು.

ನಮ್ಮ ಹುಡುಗನ ಮೇಳ ಈಗ ಆರು ಹಾಡುಗಳನ್ನು ಕಲಿತಿದೆ. ಬೆರಳುಗಳ ಬೊಕ್ಕೆ ಗಟ್ಟಿಯಾಗಿದೆ. ಗೆಳೆಯರ ಮನೆಗೆ ಹೋಗುವಾಗ ಬೇಸನ್ನು ಬೆನ್ನಿಗೆ ಹಾಕಿಕೊಂಡು ಬಸ್ಸಿನಲ್ಲಿಯೇ ಹೋಗುತ್ತಾನೆ. ಡಬಲ್ ಬೇಸಿನ ಕಾಲವಾಗಿದ್ದರೆ ಕಂಡಕ್ಟರು ಏನೆನ್ನುತ್ತಿದ್ದನೋ. ಮಲ್ಲೇಶ್ವರದಲ್ಲಿ ಒಬ್ಬರು ತಮ್ಮ ಹಳೆಯ ಆಂಪ್ಲಿಫೈಯರನ್ನು ಮಾರುತ್ತಾರೆಂದು ಸಮಾಚಾರ ಬಂದಿದೆ. ಬೆಲೆ ಸ್ವಲ್ಪ ಹೆಚ್ಚಾಯಿತೆಂದು ಭಾವನವರು ಮೊದಲು ಗೊಣಗಿದರು; ಬರುವ ಭಾನುವಾರ ಬೆಳಗ್ಗೆ ಹೋಗಿ ನೋಡಿಬರೋಣವೆಂದು ನಿನ್ನೆ ತಾವಾಗಿಯೇ ಹೇಳಿಕಳುಹಿಸಿದ್ದಾರೆ.